ಕಾಯಿಲ್ ಅಕ್ಕನ ಊರಿಗೊಂದು ಪ್ರೊಸೆಸರ್

ಬೆಳಕು ಹರಿಯುವ ಮೊದಲು ಅವಳು ಮಾಡಿ ಮುಗಿಸುವ ಕೆಲಸಗಳು ಇಷ್ಟು. ನೀರಿನ ಮೋಟರ್ ಹಾಕುವುದು, ಮೇಲಿನ ಟ್ಯಾಂಕು ತುಂಬಿ ಹರಿಯುವ ಮುನ್ನ ಅದನ್ನು ಆರಿಸುವುದು. ಹಾಲು ಕಾಯಲು ಇಡುವುದು, ಅದು ಉಕ್ಕುವಷ್ಟರಲ್ಲಿ ಹಿತ್ತಲಿನ ಬಟ್ಟೆ ಒಳಗೆ ತಂದು ವಾಪಸ್ ಬರುವುದು. ಅತ್ತೆಯ ಮೊಣಕಾಲಿಗೆ ಬಿಸಿನೀರಿನ ಚೀಲ ಇಡುವುದು, ಹತ್ತು ನಿಮಿಷಕ್ಕೆ ಅದನ್ನು ಇನ್ನೊಂದು ಕಾಲಿಗೆ ಬದಲಿಸುವುದು. ಗಂಡನ ಅಂಗಿಗೆ ಇಸ್ತ್ರಿ, ಗುಂಡಿ ಸಡಿಲವಾಗಿದ್ದರೆ ಎರಡು ಹೊಲಿಗೆ. ತರಕಾರಿ ಹೆಚ್ಚುವುದು, ಒಗ್ಗರಣೆ, ಎರಡು ಡಬ್ಬಿ ಕಟ್ಟಿ ಮೂರನೆಯ ಪಾಲನ್ನು ಅತ್ತೆಯ ಮಧ್ಯಾಹ್ನಕ್ಕೆಂದು ಮುಚ್ಚಿಡುವುದು. ಅತ್ತೆಯ ಗುಳಿಗೆಗಳನ್ನು ಬೆಳಿಗ್ಗೆಯದು, ಮಧ್ಯಾಹ್ನದ್ದು, ರಾತ್ರಿಯದು ಎಂದು ಮೂರು ಬಟ್ಟಲಿಗೆ ಹಂಚುವುದು. ಒಲೆ ಒರೆಸುವುದು. ಇದೆಲ್ಲ ಕೈಯ ಕೆಲಸ. ಇದರ ಜೊತೆಗೇ ತಲೆಯೊಳಗೆ ಇನ್ನೊಂದು ಪಾಳಿ ನಡೆಯುತ್ತಿರುತ್ತದೆ: ಗ್ಯಾಸು ಇನ್ನೆಷ್ಟು ದಿನ ಬಂದೀತು, ವಿದ್ಯುತ್ ಬಿಲ್ಲಿಗೆ ಕಡೆಯ ದಿನ ಯಾವುದು, ಗಂಡನ ಕನ್ನಡಕದ ಕಾಲು ರಿಪೇರಿಗೆ ಕೊಟ್ಟದ್ದು ಯಾರಲ್ಲಿ, ನಾಳಿದ್ದಿಗೆ ಅಕ್ಕಿ ಸಾಕೇ. ಆ ಪಾಳಿಗೆ ರಜೆಯೂ ಇಲ್ಲ, ಅದನ್ನು ಕೆಲಸವೆಂದು ಕರೆದವರೂ ಇಲ್ಲ. ಕಣ್ಣಿಗೆ ಕಾಣುವುದಿಲ್ಲವಲ್ಲ.

ಕಿಟಕಿಯಾಚೆ ಮೊದಲ ಬಸ್ಸಿನ ಸದ್ದು ಕೇಳುವ ಹೊತ್ತಿಗೆ ಅವಳು ತನ್ನ ಚಹಾದ ಲೋಟ ಹಿಡಿದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿರುತ್ತಾಳೆ. ಕೂತರೆ ಯಾರಾದರೂ ಕರೆಯುತ್ತಾರೆ ಎಂಬುದು ಮದುವೆಯಾಗಿ ಬಂದ ಇಪ್ಪತ್ತಮೂರು ವರ್ಷದ ಅನುಭವ. ನಿಂತಿದ್ದರೆ ಏನೋ ಮಾಡುತ್ತಿದ್ದಾಳೆ ಅಂದುಕೊಂಡು ಬಿಟ್ಟುಬಿಡುತ್ತಾರೆ.

ಬೀದಿಯವರಿಗೆಲ್ಲ ಅವಳು ಕಾಯಿಲ್ ಅಕ್ಕ. ಮುಖ್ಯ ರಸ್ತೆಯ ತಿರುವಿನಲ್ಲಿರುವ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಅವಳಿಗೆ ಕೆಲಸ. ಸುಟ್ಟುಹೋದ ಪಂಪು, ಫ್ಯಾನು, ಮಿಕ್ಸಿಗಳ ಹೊಟ್ಟೆಯಿಂದ ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿಯ ಸುತ್ತುಗಳನ್ನು, ಅಂದರೆ ಕಾಯಿಲ್‌ಗಳನ್ನು, ಎಣಿಸಿ ಕೂರಿಸುವ ಕೆಲಸ. ಒಂದು ಸುತ್ತು ಹೆಚ್ಚಾದರೂ ಕಡಿಮೆಯಾದರೂ ಮೋಟರ್ ಮುನಿಸಿಕೊಳ್ಳುತ್ತದೆ. ಎಣಿಕೆಯ ನಡುವೆ ಮಾತಾಡಿಸಿದರೆ ಅವಳು ಉತ್ತರ ಕೊಡುವುದಿಲ್ಲ, ಎಡಗೈಯ ಒಂದು ಬೆರಳು ಎತ್ತುತ್ತಾಳೆ ಅಷ್ಟೆ. ಅಂಗಡಿಯ ಯಜಮಾನರೂ ಆ ಬೆರಳಿಗೆ ಮರ್ಯಾದೆ ಕೊಟ್ಟು ಬಾಯಿ ಮುಚ್ಚಿಕೊಂಡು ಕಾಯುತ್ತಾರೆ. ಮನೆಯಲ್ಲಿ ಮಾತ್ರ ಆ ಬೆರಳು ನಡೆಯುವುದಿಲ್ಲ.

ಮೂರು ವರ್ಷದ ಹಿಂದೆ ಯಜಮಾನರ ಮಗಳು ಹೊಸ ಲ್ಯಾಪ್‌ಟಾಪ್ ಕೊಂಡಳು. ಹಳೆಯದರ ಫ್ಯಾನು ಕೆಟ್ಟು, ಅದು ಕಾದ ಕಾವಲಿಯಂತಾಗುತ್ತಿತ್ತು. "ಗುಜರಿಗೆ ಹಾಕ್ಬೇಕು ಅಂತಿದ್ದೀನಿ ಅಕ್ಕಾ, ಬೇಕಾದ್ರೆ ನೀವು ನೋಡಿ" ಎಂದಳು. ಇವಳು ಊಟದ ಬಿಡುವಿನಲ್ಲಿ ಅದನ್ನು ಬಿಚ್ಚಿ, ಧೂಳು ತೆಗೆದು, ಇನ್ನೊಂದು ಸತ್ತ ಲ್ಯಾಪ್‌ಟಾಪಿನ ಫ್ಯಾನು ಹಾಕಿ, ಓಡಿಸಿಬಿಟ್ಟಳು. ಅದರೊಳಗೊಂದು ಆಟ ಇತ್ತು. ಬರಿಯ ಬಯಲಿನಲ್ಲಿ ಒಂದು ಊರು ಕಟ್ಟುವ ಆಟ. ರಸ್ತೆ ಎಳೆಯಬೇಕು, ನೀರಿನ ಕೊಳವೆ ಹಾಕಬೇಕು, ಕಸ ಎಲ್ಲಿಗೆ ಹೋಗಬೇಕೆಂದು ನಿಶ್ಚಯಿಸಬೇಕು, ಶಾಲೆ, ಆಸ್ಪತ್ರೆ, ಬಸ್ಸು ಎಲ್ಲ ನಮ್ಮದೇ ಜವಾಬ್ದಾರಿ. ಯಾರನ್ನೂ ಕೊಲ್ಲಬೇಕಿಲ್ಲ, ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ. ಊರು ಸರಿಯಾಗಿ ನಡೆದರೆ ಜನ ಬಂದು ನೆಲೆಸುತ್ತಾರೆ, ಕೆಟ್ಟರೆ ಗಂಟುಮೂಟೆ ಕಟ್ಟುತ್ತಾರೆ.

ಮೊದಲ ದಿನ ಅವಳು ಕಟ್ಟಿದ ಊರಿನಲ್ಲಿ ಚರಂಡಿಯ ನೀರು ಕುಡಿಯುವ ನೀರಿಗೆ ಸೇರಿ ಅರ್ಧ ಊರು ಕಾಯಿಲೆ ಬಿತ್ತು. ಎರಡನೆಯ ದಿನ ಆ ತಪ್ಪು ಮಾಡಲಿಲ್ಲ. ಸಂಜೆ ಐದಕ್ಕೆ ಅಂಗಡಿಯಿಂದ ಬಂದು ಆರು ಗಂಟೆಗೆ ಅಡುಗೆ ಶುರು ಮಾಡುವ ತನಕದ ಒಂದು ಗಂಟೆ, ಊಟದ ಮೇಜಿನ ಒಂದು ಮೂಲೆ, ಅಷ್ಟು ಅವಳದಾಯಿತು. ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿರುವ ಗಂಡ ಮೊದಮೊದಲು ನಕ್ಕ. ಆಮೇಲೆ ಒಂದು ದಿನ ಬೆನ್ನ ಹಿಂದೆ ನಿಂತು ನೋಡಿ, "ಎಷ್ಟು ನಿಮಿಷಕ್ಕೊಂದು ಬಸ್ಸು ಬಿಟ್ಟಿದ್ದೀಯೇ? ನಮ್ಮ ಡಿಪೋದಲ್ಲೇ ಇಷ್ಟು ಶಿಸ್ತಿಲ್ಲ!" ಎಂದ.

"ನಿಮ್ಮ ಡಿಪೋಗೆ ನನ್ನ ಹಾಕ್ಕೊಳ್ಳಿ, ಬರ್ತೀನಿ" ಎಂದಳು ಅವಳು, ತಲೆಯೆತ್ತದೆ.

ಅತ್ತೆಗೂ ಆ ಊರಿನಲ್ಲಿ ಒಂದು ಹಕ್ಕು ಬಂದಿತ್ತು. ಮೊಣಕಾಲು ಹಿಡಿದು ಮೇಜಿನ ಪಕ್ಕ ಕೂತು, "ಏನೇ, ನನ್ನ ಆಸ್ಪತ್ರೆಗೆ ಬಸ್ಸು ಹೋಗ್ತಾ ಇದೆಯೇನೇ?" ಎಂದು ದಿನಾ ಕೇಳುತ್ತಿದ್ದರು. ನದಿಯ ಪಕ್ಕದ ದೊಡ್ಡಾಸ್ಪತ್ರೆ ಅವರ ಹೇಳಿಕೆಯಂತೆ ಕಟ್ಟಿದ್ದು. ಬಾಗಿಲಿನ ಎದುರಿಗೇ ಬಸ್ಸು ನಿಲ್ಲಬೇಕೆಂಬುದು ಅವರ ಶರತ್ತು.

ಊರಿನ ಜನಸಂಖ್ಯೆ ಮೂವತ್ತು ಸಾವಿರ ದಾಟಿದಾಗ ತೊಂದರೆ ಶುರುವಾಯಿತು. ಬಸ್ಸುಗಳು ನಡುರಸ್ತೆಯಲ್ಲಿ ನಿಂತುಬಿಡುತ್ತಿದ್ದವು. ಜನ ಕಾಲೆತ್ತಿದವರು ಕಾಲೆತ್ತಿದ ಹಾಗೇ. ಒಂದೆರಡು ಉಸಿರು ಕಳೆದ ಮೇಲೆ ಎಲ್ಲ ಒಟ್ಟಿಗೆ ಮುಂದಕ್ಕೆ ಜಿಗಿಯುತ್ತಿತ್ತು. ಹೊಸ ಬಡಾವಣೆ ಹಾಕಿದರಂತೂ ಐದು ನಿಮಿಷ ಊರಿಗೆಲ್ಲ ಗರ ಬಡಿದ ಹಾಗೆ. ಬೇರೆಯವರಾಗಿದ್ದರೆ ಆಟ ಬಿಟ್ಟು ಎದ್ದುಹೋಗುತ್ತಿದ್ದರೇನೋ. ಇವಳು ಕೆಟ್ಟ ಮೋಟರನ್ನು ನೋಡುವ ಹಾಗೆ ಅದನ್ನು ನೋಡಿದಳು. ಸದ್ದು ಮಾಡುವ ಜಾಗವೇ ಕೆಟ್ಟ ಜಾಗವಾಗಿರಬೇಕಿಲ್ಲ ಎಂಬುದು ಅವಳಿಗೆ ಗೊತ್ತು.

ಮೊದಲ ಪರೀಕ್ಷೆ: ಚಿತ್ರದ ಗುಣಮಟ್ಟವನ್ನು ತಳಕ್ಕೆ ಇಳಿಸಿದಳು. ಮರಗಳು ನೆಟ್ಟಗೆ ನಿಲ್ಲಿಸಿದ ಪೊರಕೆಯ ಹಾಗಾದವು, ನದಿ ಬೂದು ಬಣ್ಣದ ಪಟ್ಟಿಯಾಯಿತು. ಬಸ್ಸು ನಿಲ್ಲುವುದು ನಿಲ್ಲಲಿಲ್ಲ. ಎರಡನೆಯದು: ಮುನ್ನೂರು ಮನೆಯ ಹೊಸ ಊರೊಂದನ್ನು ಕಟ್ಟಿ ಚಿತ್ರವನ್ನು ಮೇಲಿನ ತುದಿಗೆ ಏರಿಸಿದಳು. ಎಲೆ ಎಲೆಯೂ ಅಲ್ಲಾಡಿತು, ನೀರು ಥಳಥಳಿಸಿತು, ಪರದೆ ಗಡಗಡ ಕುಲುಕಿತು. ಆದರೆ ಆಟದೊಳಗಿನ ಗಡಿಯಾರ ಒಂದಿಷ್ಟೂ ಹಿಂದೆ ಬೀಳಲಿಲ್ಲ. ಗೋಡೆಯ ಗಡಿಯಾರ ನೋಡಿಕೊಂಡು ಅಳೆದಳು. ಸಣ್ಣ ಊರಿನಲ್ಲಿ ಒಂದು ತಿಂಗಳು ಉರುಳಲು ನಾಲ್ಕು ನಿಮಿಷ. ದೊಡ್ಡ ಊರಿನಲ್ಲಿ ಅದೇ ತಿಂಗಳಿಗೆ ಹದಿನೇಳು ನಿಮಿಷ. ವೈಂಡಿಂಗಿನ ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಎರಡನ್ನೂ ಬರೆದು ಕೆಳಗೆ ಗೆರೆ ಎಳೆದಳು. ಇವು ಎರಡು ಬೇರೆ ಬೇರೆ ಕಾಯಿಲೆ. ಚಿತ್ರ ಬಿಡಿಸುವುದು ಒಂದು ಕೆಲಸ. ಮೂವತ್ತು ಸಾವಿರ ಜನ ಯಾವಾಗ ಏಳಬೇಕು, ಯಾವ ಬಸ್ಸು ಹತ್ತಬೇಕು, ಯಾರ ಮನೆಯ ಕಸ ಎತ್ತಲಿಲ್ಲ ಎಂದು ಲೆಕ್ಕ ಇಡುವುದು ಇನ್ನೊಂದು ಕೆಲಸ. ಬಳಲಿರುವುದು ಈ ಎರಡನೆಯದು. ಅದನ್ನು ಮಾಡುವುದು ಪ್ರೊಸೆಸರ್.

ಆ ಬಳಲಿಕೆ ಎಂಥದೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಈ ವರ್ಷ ಅಂಗಡಿಯಲ್ಲಿ ಅವಳ ಇಪ್ಪತ್ತು ವರ್ಷ ತುಂಬಿತು. ಯಜಮಾನರು ಒಂದು ದಪ್ಪ ಲಕೋಟೆ ಕೊಟ್ಟು, "ಇದು ನಿಮಗೆ. ಮನೆ ಖರ್ಚಿಗಲ್ಲ" ಎಂದು ಒತ್ತಿ ಹೇಳಿದರು. ಅವಳು ಅದನ್ನು ಬೀರುವಿನಲ್ಲಿ ತನ್ನ ಬಟ್ಟೆಯ ಕೆಳಗೆ ಇಟ್ಟು ಮನೆಯವರಿಗೆ ಸಾರಿದಳು: "ಆಟಕ್ಕೆ ಅಂತಲೇ ಒಂದು ಕಂಪ್ಯೂಟರ್ ತಗೋತೀನಿ. ಬಿಡಿಬಿಡಿ ಭಾಗ ಆರಿಸಿ ನಾನೇ ಜೋಡಿಸ್ತೀನಿ."

ಗಂಡನೇ ಮೊದಲು ಬಾಯಿ ತೆರೆದ. "ತಗೋ, ಬೇಡ ಅಂದವರಾರು? ಆದ್ರೆ ಅದೆಲ್ಲ ನಿನಗೆ ತಿಳಿಯಲ್ಲ. ತಮ್ಮನ ಕರೀತೀನಿ."

ತಮ್ಮನೆಂದರೆ ಅವಳ ಮೈದುನ. ಮೂರು ಬೀದಿಯಾಚೆ ಮನೆ, ಮೊಬೈಲ್ ಮಾರುವ ಅಂಗಡಿಯಲ್ಲಿ ಕೆಲಸ. ಮನೆಯವರ ಲೆಕ್ಕದಲ್ಲಿ ತಂತಿ ಇರುವ, ಬೆಳಕು ಬರುವ ಪ್ರತಿಯೊಂದು ವಸ್ತುವಿಗೂ ಅವನೇ ಕೊನೆಯ ಮಾತು. ಭಾನುವಾರ ಬಂದವನು ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತ.

"ಅತ್ತಿಗೆ, ಗೇಮಿಂಗ್ ಅಂದ್ರೆ ಮೊದಲು ಗ್ರಾಫಿಕ್ಸ್ ಕಾರ್ಡ್, ಚಿತ್ರ ಬಿಡಿಸೋದೇ ಅದು. ದುಡ್ಡಿನ ಅರ್ಧ ಅದಕ್ಕೇ ಹೋಗ್ಲಿ. ಪ್ರೊಸೆಸರ್ ನಾಲ್ಕು ಕೋರಿನದ್ದು ಯಾವುದಾದ್ರೂ ಸಾಕು. ಮದರ್‌ಬೋರ್ಡು, ಅದೇನ್ರೀ, ಒಂದು ಹಲಗೆ, ಕಡಿಮೇದು ಹಾಕಿದ್ರಾಯ್ತು. ಉಳಿದಿದ್ದಕ್ಕೆ ಗಾಜಿನ ಕ್ಯಾಬಿನೆಟ್ಟು. ಒಳಗೆ ಬಣ್ಣಬಣ್ಣದ ಫ್ಯಾನು ತಿರುಗ್ತಾ ಇದ್ರೆ, ಆಹಾ!"

"ಇದರಲ್ಲಿ ನನ್ನ ಊರು ಓಡುತ್ತಾ?" ಎಂದು ಅವಳು ಕೇಳಿದಳು.

"ಓಡೋದೇನು, ಹಾರುತ್ತೆ!"

"ಎಷ್ಟು ಜನದ ತನಕ?"

ಮೈದುನನಿಗೆ ಆ ಪ್ರಶ್ನೆ ಎಲ್ಲಿಂದ ಬಂತೆಂದೇ ತಿಳಿಯಲಿಲ್ಲ. ಅವಳು ಪುಸ್ತಕ ತೆಗೆದು ತನ್ನ ಎರಡು ಪರೀಕ್ಷೆಯನ್ನು ತೋರಿಸಿದಳು. ಪೊರಕೆಯಂಥ ಮರ, ನಾಲ್ಕು ನಿಮಿಷ, ಹದಿನೇಳು ನಿಮಿಷ. ಅವನು ಕಣ್ಣಾಡಿಸಿ ಮುಗುಳ್ನಕ್ಕ.

"ಅತ್ತಿಗೆ, ನೀವು ಮೋಟರ್ ವಿಷಯದಲ್ಲಿ ಎತ್ತಿದ ಕೈ, ನಾನು ಒಪ್ತೀನಿ. ಇದು ಬೇರೆ ಲೈನು. ಆಮೇಲೆ ನೋಡಿ, ನಾಳೆ ಬೇರೆ ಆಟ ಆಡ್ಬೇಕು ಅನ್ಸುತ್ತೆ. ಬಂದೂಕಿನ ಆಟ, ಕಾರಿನ ಆಟ..."

"ಯಾರಿಗೆ ಅನ್ಸುತ್ತೆ?" ಎಂದರು ಅತ್ತೆ, ಕುರ್ಚಿಯಿಂದಲೇ.

"ಅಲ್ಲಮ್ಮ, ಸುಮ್ನೆ ಹೇಳಿದೆ. ಭಾನುವಾರ ನಾನು ಬಂದಾಗ..."

"ಹಾಂ. ಹಾಗೆ ಹೇಳು" ಎಂದರು ಅತ್ತೆ. ಹೊಟ್ಟೆಯೊಳಗಿನ ಮಾತು ಹೊರಬಿದ್ದದ್ದಕ್ಕೆ ಮೈದುನ ಹಲ್ಲುಗಿಂಜಿದ. ಗಂಡ ನಡುವೆ ಬಂದು, "ಒಂದು ವಸ್ತು ತಂದ್ರೆ ಮನೆಮಂದಿಗೆಲ್ಲ ಉಪಯೋಗ ಆಗ್ಲಿ ಅಂತ ಅವನು ಹೇಳ್ತಿರೋದು" ಎಂದು ತೇಪೆ ಹಾಕಿದ.

ಮನೆಮಂದಿಗೆಲ್ಲ ಎಂಬ ಮಾತು ಅವಳಿಗೆ ಹೊಸತಲ್ಲ. ಮದುವೆಯಾದ ವರ್ಷ ಅವಳು ಆಸೆಪಟ್ಟು ಕೊಂಡ ರೇಡಿಯೋ ಮನೆಮಂದಿಯದಾಗಿ ಗಂಡನ ಹಾಸಿಗೆಯ ಪಕ್ಕ ಸೇರಿತ್ತು. ಅವಳ ಸೈಕಲ್ಲು ಮನೆಮಂದಿಯದಾಗಿ ಮೈದುನನ ಕಾಲೇಜಿಗೆ ಹೋಗಿತ್ತು. ಮನೆಮಂದಿಯ ಪಾತ್ರೆ ತೊಳೆಯುವ ಸರದಿ ಮಾತ್ರ ಅವಳೊಬ್ಬಳದಾಗಿಯೇ ಉಳಿದಿತ್ತು.

"ನಾನೇ ನೋಡಿ ಹೇಳ್ತೀನಿ" ಎಂದು ಅವಳು ಕಾಗದವನ್ನು ಮಡಚಿ ಅವನ ಕೈಗೆ ವಾಪಸ್ ಕೊಟ್ಟಳು.

ಮುಂದಿನ ಎರಡು ವಾರ ಅವಳು ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಕುಕ್ಕರಿನ ಎರಡು ಕೂಗಿನ ನಡುವೆ ಫೋನಿನಲ್ಲಿ ಓದಿದಳು, ನೋಡಿದಳು. ಪ್ರೊಸೆಸರ್ ಮಾಡುವ ಕಂಪನಿ ಎರಡು ದೊಡ್ಡವು. ಒಂದರದ್ದು ಇನ್ನೊಂದರ ಬೋರ್ಡಿನಲ್ಲಿ ಕೂರುವುದಿಲ್ಲ. ಅಷ್ಟೇ ಆಗಿದ್ದರೆ ಸುಲಭವಿತ್ತು. ಒಂದೇ ಕಂಪನಿಯ ಹಳೆಯ ಸಾಲಿನ ಪ್ರೊಸೆಸರು ಹೊಸ ಸಾಲಿನ ಬೋರ್ಡಿನಲ್ಲಿ ಕೂರುವುದಿಲ್ಲ, ಹೊಸತು ಹಳತರಲ್ಲಿ ಕೂರುವುದಿಲ್ಲ. ಬೋರ್ಡಿನ ನಡುವೆ ಇರುವ ಚೌಕಾಕಾರದ ಸಾಕೆಟ್ಟೇ ಎಲ್ಲದಕ್ಕೂ ಮೂಲ. ಕೆಲವು ಪ್ರೊಸೆಸರುಗಳಿಗೆ ಚಿತ್ರ ಬಿಡಿಸುವ ಶಕ್ತಿ ಒಳಗೇ ಇರುತ್ತದೆ. ಇನ್ನು ಕೆಲವಕ್ಕೆ ಇಲ್ಲ, ಅಂಥವಕ್ಕೆ ಬೇರೆ ಕಾರ್ಡು ಹಾಕದಿದ್ದರೆ ಪರದೆ ಕಪ್ಪಗೇ ಇರುತ್ತದೆ. ಅವಳು ಪುಸ್ತಕದಲ್ಲಿ ಬರೆದುಕೊಂಡಳು: ಹೊಸ ಸಾಲಿನ ಸಾಕೆಟ್. ಎಂಟು ಕೋರ್, ಅಂದರೆ ಒಟ್ಟಿಗೇ ಲೆಕ್ಕ ಮಾಡುವ ಎಂಟು ತಲೆ. ಚಿತ್ರ ಒಳಗೇ. ಬೋರ್ಡಿನಲ್ಲಿ ಮೆಮೊರಿಗೆ ನಾಲ್ಕು ಸೀಳು, ಸದ್ಯ ಎರಡಕ್ಕೆ ಮಾತ್ರ ಕಡ್ಡಿ, ಊರು ಬೆಳೆದ ಹಾಗೆ ಉಳಿದೆರಡಕ್ಕೆ. ಕಾರ್ಡು ಇಲ್ಲ.

ಗುರುವಾರ ಸಂಜೆ ಮನೆಗೆ ಬಂದಾಗ ಊಟದ ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಅದರ ಎರಡು ಪಕ್ಕದಲ್ಲಿ ಗಂಡ ಮತ್ತು ಮೈದುನ, ಪರೀಕ್ಷೆಯಲ್ಲಿ ಪಾಸಾಗಿ ಬಂದವರಂತೆ ನಿಂತಿದ್ದರು.

"ತೆಗೆದು ನೋಡು" ಎಂದ ಗಂಡ. "ನಿನ್ನ ತಲೆನೋವು ಅರ್ಧ ಕಮ್ಮಿ ಮಾಡಿದ್ದೀವಿ."

ಒಳಗೆ ಒಂದು ಮದರ್‌ಬೋರ್ಡು. ಹೊಸದಲ್ಲ. ಅಂಚಿಗೆಲ್ಲ ಬಣ್ಣದ ದೀಪದ ಪಟ್ಟಿ.

"ನನ್ನ ಸ್ನೇಹಿತಂದು ಅತ್ತಿಗೆ. ಅರ್ಧ ಬೆಲೆಗೆ ಕೊಟ್ಟ. ಗಾಜಿನ ಕ್ಯಾಬಿನೆಟ್ ನೋಡಿಟ್ಟಿದ್ನಲ್ಲ, ಅದಕ್ಕೆ ಸರಿಯಾಗಿ ಕೂರುತ್ತೆ. ಟೇಪು ಹಿಡಿದು ಅಳತೆ ಮಾಡಿದ್ವಿ ಗೊತ್ತಾ? ಉದ್ದ, ಅಗಲ, ಒಂದು ಕೂದಲೂ ಹೆಚ್ಚುಕಮ್ಮಿ ಇಲ್ಲ."

"ಸಾಕೆಟ್ ಯಾವುದು?"

ಅಣ್ಣತಮ್ಮಂದಿರು ಉದ್ದವನ್ನು ಅಳೆದಿದ್ದರು, ಅಗಲವನ್ನು ಅಳೆದಿದ್ದರು. ದೀಪ ಉರಿಯುತ್ತದೆಯೇ ಎಂದು ಪರೀಕ್ಷಿಸಿದ್ದರು. ನಡುವಿನ ಆ ಚೌಕದ ಕಡೆ ಇಬ್ಬರ ಕಣ್ಣೂ ಹೋಗಿರಲಿಲ್ಲ.

ಅವಳು ಕೈಚೀಲದಿಂದ ಅಂಗಡಿಯ ಭೂತಗನ್ನಡಿ ತೆಗೆದಳು. ಸಣ್ಣ ತಂತಿಯ ಎನಾಮಲ್ ಎಲ್ಲಿ ಕೆರೆದಿದೆ ಎಂದು ಹುಡುಕುವ, ಕಣ್ಣಿಗೇ ಸಿಕ್ಕಿಸಿಕೊಳ್ಳುವ ಕನ್ನಡಿ ಅದು. ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಬಗ್ಗಿದಳು. ಸಾಕೆಟ್ಟಿನ ಒಳಗೆ ಕೂದಲೆಳೆಗಿಂತ ಸಣ್ಣ ಪಿನ್ನುಗಳು ಸಾವಿರಕ್ಕೂ ಮೇಲೆ, ಗದ್ದೆಯ ಸಾಲಿನಂತೆ ಒಂದೇ ಕಡೆಗೆ ವಾಲಿ ನಿಂತಿದ್ದವು. ಬಲತುದಿಯಲ್ಲಿ ಮೂರು ಮಾತ್ರ ಎದುರು ದಿಕ್ಕಿಗೆ ಮಲಗಿದ್ದವು.

"ಇದು ಹಳೇ ಸಾಲಿಂದು" ಎಂದಳು ಕನ್ನಡಿ ತೆಗೆಯದೆ. "ನಾನು ಬರೆದಿಟ್ಟಿರೋ ಪ್ರೊಸೆಸರ್ ಇದರಲ್ಲಿ ಕೂರಲ್ಲ. ಅದೂ ಅಲ್ಲದೆ ಮೂರು ಪಿನ್ನು ಬಗ್ಗಿದೆ. ಯಾವ ಪ್ರೊಸೆಸರ್ ಇಟ್ರೂ ಗ್ಯಾರಂಟಿ ಇಲ್ಲ. ನೋಡ್ತೀರಾ?"

ಮೈದುನ ನೋಡಲಿಲ್ಲ. ಗಂಡ ಕನ್ನಡಿ ಈಸಿಕೊಂಡು ತಿರುಗಾಮುರುಗಾ ಹಿಡಿದು, ಏನೂ ಕಾಣದೆ, "ಹೂಂ" ಎಂದ. ಆಮೇಲೆ ಕನ್ನಡಿ ವಾಪಸ್ ಕೊಟ್ಟು, "ಆಯ್ತು ಬಿಡು. ಇದರಲ್ಲಿ ಕೂರೋಂಥ ಪ್ರೊಸೆಸರೇ ತಗೊಂಡ್ರಾಯ್ತಪ್ಪ. ಸ್ವಲ್ಪ ಹೊಂದಿಸ್ಕೊಂಡ್ರೆ ಎಲ್ಲ ಆಗುತ್ತೆ" ಎಂದ.

ಹೊಂದಿಸಿಕೊಳ್ಳುವುದು. ಆರು ವರ್ಷದ ಕೆಳಗೆ ರಿಯಾಯಿತಿಯಲ್ಲಿ ಸಿಕ್ಕಿತೆಂದು ಇದೇ ಇಬ್ಬರು ಆಳೆತ್ತರದ ಫ್ರಿಜ್ಜು ತಂದಿದ್ದರು. ಅಡುಗೆಮನೆಯಲ್ಲಿ ಅದರ ಬಾಗಿಲು ಅರ್ಧವೇ ತೆರೆಯುತ್ತದೆ. ಅಂದಿನಿಂದ ಅವಳು ತರಕಾರಿ ತೆಗೆಯಬೇಕಾದರೆ ಸೊಂಟವನ್ನು ಓರೆ ಮಾಡಿ, ಕೈಯನ್ನು ಸುತ್ತಿಸಿ ಒಳಗೆ ತೂರಿಸುತ್ತಾಳೆ. ದಿನಕ್ಕೆ ಎಂಟು ಹತ್ತು ಸಲ. ಅದನ್ನು ತಂದವರಿಗೆ ಬಾಗಿಲು ಪೂರ್ತಿ ತೆರೆಯುವುದಿಲ್ಲವೆಂಬುದು ಇವತ್ತಿಗೂ ತಿಳಿಯದು.

"ದುಡ್ಡು ಯಾರು ಕೊಟ್ರು?" ಎಂದು ಕೇಳಿದಳು.

"ನಿನ್ನ ಲಕೋಟೆಯಿಂದ ತಗೊಂಡೆ. ನೀನು ಕೆಲಸದಲ್ಲಿದ್ದೆ, ಅವನು ಇವತ್ತೇ ಬೇಕು ಅಂದ..."

ಅವಳು ಎಡಗೈಯ ಬೆರಳು ಎತ್ತಿದಳು. ಯಾಕೋ ಏನೋ, ಗಂಡನ ಮಾತು ನಿಂತಿತು.

"ಈ ಬೋರ್ಡು ವಾಪಸ್ ಹೋಗುತ್ತೆ" ಎಂದಳು ಮೈದುನನ ಕಡೆ ತಿರುಗಿ. ದನಿ ಏರಿಸಲಿಲ್ಲ. "ಸ್ನೇಹಿತ ತಗೊಂಡ್ರೆ ಸರಿ. ತಗೊಳ್ಳದಿದ್ರೆ ನೀನಿಟ್ಕೋ, ನಿನ್ನ ಜೇಬಿಂದ ಕೊಡು. ಶನಿವಾರ ಬೆಳಿಗ್ಗೆ ಲಕೋಟೆ ಎಷ್ಟಿತ್ತೋ ಅಷ್ಟಿರ್ಬೇಕು."

"ಅತ್ತಿಗೆ, ನಿಮಗೆ ಸಹಾಯ ಆಗ್ಲಿ ಅಂತ..."

"ಸಹಾಯ ಮಾಡ್ಬೇಕು ಅನ್ಸಿದ್ರೆ ಸಿಂಕಿನಲ್ಲಿ ಪಾತ್ರೆ ಇದೆ."

ಅತ್ತೆ ಕೆಮ್ಮಿದರು. ಕೆಮ್ಮೋ ನಗುವೋ ಹೇಳುವುದು ಕಷ್ಟ. "ಮೂರು ಪಿನ್ನು ಬಗ್ಗಿದ್ದು ಕಾಣಲಿಲ್ವೇನೋ ನಿಂಗೆ? ಅಷ್ಟು ದೊಡ್ಡ ಕನ್ನಡಕ ಹಾಕ್ಕೊಂಡು ಮೊಬೈಲ್ ಮಾರ್ತೀಯ!" ಎಂದು ಕಿರಿಮಗನನ್ನು ಚುಚ್ಚಿದರು.

"ಅಮ್ಮಾ, ನೀನು ಸುಮ್ನಿರು."

"ಯಾಕೆ ಸುಮ್ನಿರ್ಲಿ? ನನ್ನ ಆಸ್ಪತ್ರೆಗೆ ಬಸ್ಸು ಬಂದು ಒಂದು ತಿಂಗಳಾಯ್ತು."

ಆ ಸಂಜೆಯೂ ಮರುದಿನವೂ ಗಂಡ ಮುಖ ಊದಿಸಿಕೊಂಡೇ ಇದ್ದ. ಚಹಾ ಕೊಟ್ಟರೆ ಕುಡಿದ, ಡಬ್ಬಿ ಕೊಟ್ಟರೆ ಒಯ್ದ, ಮಾತಿಲ್ಲ. ಮೊದಲಾಗಿದ್ದರೆ ಅವಳು ಅವನ ಮೌನಕ್ಕೆ ಕರಗಿ, ಏನು ಮಾಡಿದರೆ ಅವನ ಮುಖ ತಿಳಿಯಾದೀತೆಂದು ಹುಡುಕುತ್ತಿದ್ದಳು. ಆ ಕೆಲಸವನ್ನೂ ತಾನೇ ಮಾಡುತ್ತ ಬಂದಿದ್ದೇನೆಂದು ಅವಳಿಗೆ ಹೊಳೆದದ್ದು ಈಗ. ಈ ಸಲ ಮಾಡಲಿಲ್ಲ. ಶುಕ್ರವಾರ ಸಂಜೆ ಮೈದುನ ಬಂದು ಬಾಗಿಲಲ್ಲೇ ನಿಂತು ದುಡ್ಡು ಕೊಟ್ಟುಹೋದ. ಸ್ನೇಹಿತ ಬೋರ್ಡನ್ನು ವಾಪಸ್ ತೆಗೆದುಕೊಂಡಿರಲಿಲ್ಲ.

ಶನಿವಾರ ಅಂಗಡಿಗೆ ಅರ್ಧ ದಿನ ರಜೆ ಹೇಳಿದಳು. "ನಾನೂ ಬರ್ಲಾ?" ಎಂದು ಗಂಡ ಶೂ ಹಾಕಿಕೊಳ್ಳುತ್ತ ಕೇಳಿದ. ಎರಡು ದಿನದಲ್ಲಿ ಅದು ಅವನ ಮೊದಲ ಮಾತು.

"ಬೇಡ ರೀ. ಅತ್ತೆಗೆ ಮಧ್ಯಾಹ್ನ ಊಟ ಬಿಸಿ ಮಾಡಿ ಕೊಡಿ. ಗುಳಿಗೆ ಎರಡನೇ ಬಟ್ಟಲಲ್ಲಿದೆ."

ಕಂಪ್ಯೂಟರ್ ಅಂಗಡಿಗಳ ಸಾಲು ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿತ್ತು. ಮೆಟ್ಟಿಲ ಮೇಲೆಲ್ಲ ಖಾಲಿ ರಟ್ಟು, ಥರ್ಮಾಕೋಲಿನ ಚೂರು. ಅವಳು ಮೂರು ಅಂಗಡಿ ದಾಟಿ, ಎದುರಿಗೆ ದೀಪದ ತೋರಣ ಇಲ್ಲದ ನಾಲ್ಕನೆಯದಕ್ಕೆ ಹೊಕ್ಕಳು. ಅಂಗಡಿಯವನು ತಿಂಡಿ ತಿನ್ನುತ್ತಿದ್ದ ಕೈಯನ್ನು ಒರೆಸಿಕೊಂಡು, "ಬನ್ನಿ ಮೇಡಂ. ಮಗನಿಗಾ?" ಎಂದ.

"ನನಗೆ."

"ಆಫೀಸ್ ಕೆಲಸಕ್ಕಾ?"

"ಆಟಕ್ಕೆ."

ಅವನು ಇನ್ನೊಮ್ಮೆ ಅವಳನ್ನು ನೋಡಿದ. ಕೈಬೆರಳ ಸಂದಿಯಲ್ಲಿ ವಾರ್ನಿಶ್ ಕಲೆ, ತೋಳಿನಲ್ಲಿ ತರಕಾರಿ ಚೀಲ, ಚೀಲದೊಳಗಿಂದ ಇಣುಕುವ ಪುಸ್ತಕ. ಅವಳು ಪುಸ್ತಕ ಬಿಡಿಸಿ ಗಲ್ಲಾಪೆಟ್ಟಿಗೆಯ ಮೇಲಿಟ್ಟಳು. ಓದಿದ ಮೇಲೆ ಅವನ ದನಿ ಬದಲಾಯಿತು.

"ಇದು ಯಾರು ಬರೆದುಕೊಟ್ರು?"

"ಕೈಬರಹ ನನ್ನದೇ. ಬೋರ್ಡು ತೋರಿಸಿ."

ಅವನು ಒಂದೇ ಬೆಲೆಯ ಎರಡು ಬೋರ್ಡು ತಂದಿಟ್ಟ. ಎರಡೂ ಹೊಸ ಸಾಲಿನ ಸಾಕೆಟ್ಟಿನವು, ಎರಡಕ್ಕೂ ಮೆಮೊರಿಗೆ ನಾಲ್ಕು ಸೀಳು. ಒಂದರಲ್ಲಿ ವೈಫೈ ಇತ್ತು, ದೀಪ ಇತ್ತು, ಮೈಮೇಲೆ ಬೆಳ್ಳಿಯ ಗೆರೆ. ಇನ್ನೊಂದು ಸುಮ್ಮನೆ ಕಪ್ಪಗೆ ಕೂತಿತ್ತು. "ಎಲ್ಲರೂ ಇದನ್ನೇ ಒಯ್ತಾರೆ" ಎಂದು ಅವನು ದೀಪದ್ದನ್ನು ಮುಂದಕ್ಕೆ ತಳ್ಳಿದ.

ಅವಳು ಭೂತಗನ್ನಡಿ ಸಿಕ್ಕಿಸಿಕೊಂಡಳು. ಸಾಕೆಟ್ಟಿನ ಅಕ್ಕಪಕ್ಕ ಸಾಲಾಗಿ ಚಿಕ್ಕ ಚಿಕ್ಕ ಬೂದು ಡಬ್ಬಿಗಳಿದ್ದವು. ಅವು ಏನೆಂದು ಅವಳಿಗೆ ಗೊತ್ತು. ಒಳಗೆ ಇರುವುದು ತಂತಿಯ ಸುತ್ತು. ಪ್ರೊಸೆಸರಿಗೆ ಹೋಗುವ ವಿದ್ಯುತ್ತನ್ನು ಹದಮಾಡಿ ಕಳಿಸುವ ಕಾಯಿಲ್‌ಗಳು. ಸಂಜೆಯಿಡೀ ಲೆಕ್ಕ ಮಾಡುವ ಪ್ರೊಸೆಸರಿಗೆ ಕೆಳಗಿನಿಂದ ಆಧಾರ ಕೊಡುವವು ಅವೇ. ಕಾದರೆ ಮೊದಲು ಸೋಲುವುದೂ ಆ ಜಾಗವೇ. ದೀಪದ ಬೋರ್ಡಿನಲ್ಲಿ ಎಣಿಸಿದಳು, ಆರು. ಅವುಗಳ ಪಕ್ಕದ ಕಾವು ಏರುವ ಭಾಗಗಳು ಬತ್ತಲೆ. ಕಪ್ಪು ಬೋರ್ಡಿನಲ್ಲಿ ಹತ್ತು, ಪಕ್ಕದಲ್ಲಿ ಕಾವನ್ನು ಹೀರಲು ದಪ್ಪನೆಯ ಲೋಹದ ಹೊದಿಕೆ. ಉಗುರಿನಿಂದ ಆ ಲೋಹವನ್ನು ಅಲ್ಲಾಡಿಸಿ ನೋಡಿದಳು. ಗಟ್ಟಿಯಾಗಿ ಕೂತಿತ್ತು.

"ಈ ಕಪ್ಪುದು" ಎಂದಳು.

"ಮೇಡಂ, ವೈಫೈ ಇಲ್ಲ ಅದರಲ್ಲಿ."

"ತಂತಿ ಎಳ್ಕೋತೀನಿ. ನಂಗೆ ಅದೇ ಕಸುಬು."

ಅಂಗಡಿಯವನು ನಕ್ಕುಬಿಟ್ಟ. ಬೆಣ್ಣೆ ಹಚ್ಚುವ ನಗುವಲ್ಲ ಅದು. ಕುರ್ಚಿ ಎಳೆದು ಕೂರಿಸಿ, ಲೆಕ್ಕದ ಯಂತ್ರ ತೆಗೆದು, ನಿಜವಾದ ಮಾತಿಗೆ ಇಳಿದ. "ನೋಡಿ, ನಿಮ್ಮ ದುಡ್ಡಿನಲ್ಲಿ ಎರಡು ದಾರಿ. ಒಂದು, ಈ ನಾಲ್ಕು ಕೋರಿನ ಪ್ರೊಸೆಸರ್, ಜೊತೆಗೆ ಗ್ರಾಫಿಕ್ಸ್ ಕಾರ್ಡ್. ಚಿತ್ರ ನೋಡಿದ್ರೆ ಕಣ್ಣು ತಂಪಾಗುತ್ತೆ. ಇನ್ನೊಂದು, ನೀವು ಬರೆದಿರೋ ಎಂಟು ಕೋರಿಂದು, ಮೆಮೊರಿ ಎರಡು ಕಡ್ಡಿ. ಚಿತ್ರ ಒಳಗಿನ ಶಕ್ತಿಯಿಂದಲೇ. ನಿಮ್ಮ ಊರಿನ ಲೆಕ್ಕ ಸಲೀಸಾಗಿ ಹೋಗುತ್ತೆ, ಆದ್ರೆ ನೋಡೋಕೆ ಮಂಕಾಗಿರುತ್ತೆ. ಸುಳ್ಳು ಹೇಳಲ್ಲ. ಬಂದವರು ನೋಡಿ, ಇದಕ್ಕಾ ಇಷ್ಟು ದುಡ್ಡು ಕೊಟ್ಟಿದ್ದು ಅಂತಾರೆ. ಎರಡೂ ಬೇಕಂದ್ರೆ ಈ ದುಡ್ಡಿಗೆ ಆಗಲ್ಲ."

"ಕಾರ್ಡು ಆಮೇಲೆ ಹಾಕೋಕೆ ಬೋರ್ಡಿನಲ್ಲಿ ಜಾಗ ಇದೆಯಲ್ಲ?"

"ಇದೆ. ಮುಂದಿನ ವರ್ಷ ಬೇಕಾದ್ರೂ ಹಾಕ್ಬಹುದು."

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಗಂಡ. ಹಿಂದೆ ಮೈದುನನ ಪಿಸುಮಾತು.

"ಕೇಳು, ಅಂಗಡೀಲಿ ಇದ್ದೀಯಾ? ತಮ್ಮ ಇಲ್ಲೇ ಇದ್ದಾನೆ. ಬೋರ್ಡಿನ ವಿಷಯ ಮರೆತುಬಿಡು, ತಪ್ಪು ನಮ್ಮದೇ. ಆದ್ರೆ ಕಾರ್ಡು ಒಂದು ಬಿಡಬೇಡ ಅಂತಾನೆ. ಬೇಕಾದ್ರೆ ಪ್ರೊಸೆಸರ್ ಚಿಕ್ಕದು ತಗೋ, ಆಮೇಲೆ ದೊಡ್ಡದು ಹಾಕ್ಕೊಂಡ್ರಾಯ್ತು. ಮನೆಗೆ ಬಂದವರ ಮುಂದೆ ಒಂದು ಕಳೆ ಇರ್ಬೇಕಲ್ವಾ?"

ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟ. ಸಿಟ್ಟಾಗಿದ್ದರೆ ಎದುರು ನಿಲ್ಲುವುದು ಸುಲಭ. ತಪ್ಪು ನಮ್ಮದೇ ಎಂದು ಅವನು ಹೇಳಿದ್ದನ್ನು ಅವಳು ಇಪ್ಪತ್ತಮೂರು ವರ್ಷದಲ್ಲಿ ಎಷ್ಟು ಸಲ ಕೇಳಿದ್ದಳು? ಹೂಂ ಅಂದುಬಿಟ್ಟರೆ ಸಂಜೆ ಮನೆಯಲ್ಲಿ ನಗು ಇರುತ್ತದೆ. ಮೈದುನ ಬಂದು ತಾನೇ ಕಾರ್ಡು ಕೂರಿಸುತ್ತಾನೆ, ಗಂಡ ಎಲ್ಲರಿಗೂ ಚಿತ್ರ ತೋರಿಸುತ್ತಾನೆ, ಅವಳು ಚಹಾ ಮಾಡುತ್ತಾಳೆ. ಐದರಿಂದ ಆರರ ಗಂಟೆ ಯಾರದಾಗುತ್ತದೆ ಎಂಬುದನ್ನು ಊಹಿಸಲು ಯಾವ ಪ್ರೊಸೆಸರೂ ಬೇಕಿಲ್ಲ.

"ಅತ್ತೆ ಊಟ ಮಾಡಿದ್ರಾ?" ಎಂದು ಕೇಳಿದಳು.

"ಹಾಂ, ಬಿಸಿ ಮಾಡಿ ಕೊಟ್ಟೆ. ಗುಳಿಗೇನೂ ಕೊಟ್ಟೆ. ಏನು ಹೇಳ್ಲಿ ತಮ್ಮಂಗೆ?"

"ಮನೆಗೆ ಬಂದ್ಮೇಲೆ ನಾನೇ ಹೇಳ್ತೀನಿ. ಈಗ ಎಣಿಸ್ತಾ ಇದ್ದೀನಿ, ಇಡ್ತೀನಿ" ಎಂದು ಫೋನನ್ನು ಆರಿಸಿ ಚೀಲದ ತಳಕ್ಕೆ ಹಾಕಿದಳು.

ಅಂಗಡಿಯವನು ಬೇರೆ ಗಿರಾಕಿಯ ಕಡೆ ಹೋಗಿದ್ದ. ಗಾಜಿನ ಮೇಜಿನ ಮೇಲೆ ಎರಡು ಗುಂಪು ಪೆಟ್ಟಿಗೆಗಳಿದ್ದವು. ಎಡಕ್ಕೆ ನಾಲ್ಕು ಕೋರಿನ ಪ್ರೊಸೆಸರ್, ಅದರ ಮೇಲೆ ಗ್ರಾಫಿಕ್ಸ್ ಕಾರ್ಡಿನ ದೊಡ್ಡ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ರೆಕ್ಕೆ ಬಿಚ್ಚಿದ ಲೋಹದ ಹದ್ದು. ಬಲಕ್ಕೆ ಅಂಗೈಯಗಲದ ಒಂದು ಪೆಟ್ಟಿಗೆ ಮತ್ತು ಮೆಮೊರಿಯ ಎರಡು ತೆಳ್ಳನೆಯ ಪ್ಯಾಕೆಟ್ಟು. ಚಿತ್ರವೂ ಇಲ್ಲ, ಹದ್ದೂ ಇಲ್ಲ. ಅವಳು ಆ ಚಿಕ್ಕ ಪೆಟ್ಟಿಗೆಯನ್ನು ಎತ್ತಿ ಅಂಗೈಯಲ್ಲಿ ತೂಗಿದಳು. ಒಳಗಿನ ಸಣ್ಣ ಚೌಕ ಒಂದಿಷ್ಟೂ ಅಲ್ಲಾಡಲಿಲ್ಲ.

ಮಂಕಾದ ಚಿತ್ರವನ್ನು ಅವಳು ಮನಸ್ಸಿನಲ್ಲೇ ನೋಡಿದಳು. ಪೊರಕೆಯಂಥ ಮರಗಳು, ಬೂದು ನದಿ, ಆ ನದಿಯ ದಂಡೆಯಲ್ಲಿ ಎಂಬತ್ತು ಸಾವಿರ ಜನ. ಒಬ್ಬೊಬ್ಬರೂ ತಮ್ಮ ಹೊತ್ತಿಗೆ ಎದ್ದು, ತಮ್ಮ ಹೊತ್ತಿಗೆ ಬಸ್ಸು ಹತ್ತಿ ಹೋಗುತ್ತಿದ್ದರು.

ಅಂಗಡಿಯವನು ತಿರುಗಿ ಬಂದಾಗ ಹದ್ದಿನ ಪೆಟ್ಟಿಗೆ ಅವನ ಕಡೆಯ ಅಂಚಿಗೆ ಸರಿದಿತ್ತು. ಎಂಟು ಕೋರಿನದ್ದು, ಮೆಮೊರಿಯ ಕಡ್ಡಿಗಳು, ಕಪ್ಪು ಬೋರ್ಡು ಅವಳ ಎದುರಿಗೆ ಒಂದರ ಮೇಲೊಂದು ಕೂತಿದ್ದವು.

"ಮನೆಯವರು ಏನಂದ್ರು ಮೇಡಂ?" ಎಂದು ಅವನು ಕೇಳಿದ.

"ಇವಿಷ್ಟು ಕಟ್ಟಿ" ಎಂದಳು ಅವಳು, ಲಕೋಟೆಯ ಬಾಯಿ ಬಿಚ್ಚುತ್ತ. "ಬಿಲ್ಲು ನನ್ನ ಹೆಸರಿಗೆ."